ಸುಣ್ಣದಕ್ಕ ಒಡೆಯದೆ ಬಿಟ್ಟ ಕೋಣೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಹಿಂಭಾಗದ ಉದ್ದನೆಯ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಒಬ್ಬ ಹೆಂಗಸು ಅಂಗಿಯ ತೋಳು ಮಡಚಿ, ತಲೆಗೆ ಬಟ್ಟೆ ಬಿಗಿದುಕೊಂಡು, ಎದೆಮಟ್ಟದ ಇಟ್ಟಿಗೆ ಗೋಡೆಯೊಂದನ್ನು ಒಡೆಯುತ್ತಿದ್ದಾರೆ. ಒಡೆಯುವುದು ಎಂದರೆ ಸುತ್ತಿಗೆ ಬೀಸಿ ಧೂಳೆಬ್ಬಿಸುವುದು ಎಂದುಕೊಳ್ಳಬೇಡಿ. ಮೇಲಿನ ವರಸೆಯ ತುದಿಯ ಇಟ್ಟಿಗೆಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಒಂದು ಏಟು, ಸಂದಿಗೆ ಉಳಿ ತೂರಿಸಿ ಒಂದು ತಿರುವು, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಅಂಟಿದ ಗಾರೆಯನ್ನು ಕೆರೆದು, ಎಲ್ಲ ಮೈಯನ್ನೂ ಒರೆಸಿ, ಪಕ್ಕದ ಸಾಲಿನಲ್ಲಿ ಪೇರಿಸುತ್ತಾರೆ. ಕೆರೆದ ಗಾರೆ ಬಾಂಡ್ಲಿಗೆ ಬೀಳುತ್ತದೆ. ಅದನ್ನೂ ಎಸೆಯುವಂತಿಲ್ಲ.

ನಿನ್ನೆ ಮಧ್ಯಾಹ್ನವಷ್ಟೇ ಕಿರಿಯ ತರಗತಿಯ ಹುಡುಗರು ಬೆವರು ಒರೆಸಿಕೊಳ್ಳುತ್ತ ಕಟ್ಟಿದ ಗೋಡೆ ಅದು. ಇವತ್ತು ಗಂಟೆ ಬಾರಿಸುವ ಹೊತ್ತಿಗೆ ಅದರ ಗುರುತೂ ಇರುವುದಿಲ್ಲ. ಅದೇ ಇಟ್ಟಿಗೆ, ಅದೇ ಗಾರೆ, ಮತ್ತೆ ಹೊಸ ಗೋಡೆ.

"ಹುಡುಗರು ಕಟ್ಟೋಕೆ ಕಲೀಬೇಕು ಅಂದ್ರೆ ಯಾರಾದ್ರೂ ಒಡೀಬೇಕಲ್ಲ," ಎನ್ನುತ್ತಾರೆ ಅವರು, ಕೈ ನಿಲ್ಲಿಸದೆ. "ಅದು ನಾನು."

ಶಾಲೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಸುಣ್ಣದಕ್ಕ ಎಂದು. ಹುಡುಗರು ಕರೆದದ್ದನ್ನು ಮೇಷ್ಟ್ರುಗಳು ಹಿಡಿದುಕೊಂಡರು, ಮೇಷ್ಟ್ರುಗಳಿಂದ ಅದು ಪ್ರಿನ್ಸಿಪಾಲ್ ಫಾದರ್ ತನಕ ಹೋಯಿತು. ಈಗ ಅವರ ಸ್ವಂತ ಹೆಸರು ಆಫೀಸಿನ ಸಿಸ್ಟರಿಗೂ ಥಟ್ಟನೆ ನೆನಪಾಗುವುದಿಲ್ಲ.

ದೊಡ್ಡ ನಗರದ ನಟ್ಟನಡುವೆ, ಬಸ್ಸುಗಳು ತಿರುಗಲು ಒದ್ದಾಡುವ ರಸ್ತೆಯ ತುದಿಯಲ್ಲಿರುವ ಕ್ಯಾಥೊಲಿಕ್ ವೃತ್ತಿಶಿಕ್ಷಣ ಪ್ರೌಢಶಾಲೆ ಇದು. ಗಣಿತ, ವಿಜ್ಞಾನದ ಜೊತೆಗೆ ಇಲ್ಲಿ ಬಡಗಿ ಕೆಲಸ, ಕೊಳಾಯಿ ಕೆಲಸ, ವಿದ್ಯುತ್ ಕೆಲಸ, ಗಾರೆ ಕೆಲಸ ಕಲಿಸುತ್ತಾರೆ. ಇಲ್ಲಿಂದ ಹೊರಬಿದ್ದ ಹುಡುಗರು ಕೆಲಸಕ್ಕಾಗಿ ಅಲೆಯುವುದಿಲ್ಲ, ಆ ಮಾತು ನಿಜ. ಶಾಲೆಗೆ ಒಳ್ಳೆಯ ಹೆಸರಿದೆ. ಆ ಹೆಸರಿನ ಅಡಿಪಾಯದಲ್ಲಿ ಈ ಹೆಂಗಸಿನ ಎರಡು ಕೈಗಳೂ ಇವೆ ಎಂಬುದನ್ನು ಮಾತ್ರ ಯಾರೂ ಎಲ್ಲಿಯೂ ಹೇಳಿಲ್ಲ. ಹೋದ ವರ್ಷ ಹೊರತಂದ ಸ್ಮರಣ ಸಂಚಿಕೆಯಲ್ಲಿ ಗುರುಗಳ ಫೋಟೊ ಇದೆ, ದಾನಿಗಳ ಫೋಟೊ ಇದೆ, ಗೇಟಿನ ಬಳಿ ಮಲಗುವ ನಾಯಿಯದೂ ಇದೆ. ಸುಣ್ಣದಕ್ಕನದು ಇಲ್ಲ. ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ ಕೈತೊಳೆದುಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿದೆ. ಮರೆ ಮಾಡಿದ ಎಲೆ ಯಾವುದು ಎಂದು ಕೇಳುವುದನ್ನು ಬಿಟ್ಟಿದ್ದೇವೆ.

ಗಾರೆ ವಿಭಾಗದ ಕ್ರಮ ಹೀಗಿದೆ. ಕಲಿಯುವ ಹುಡುಗರಿಗೆ ಸಿಮೆಂಟು ಕೊಡುವುದಿಲ್ಲ. ಸಿಮೆಂಟು ಒಮ್ಮೆ ಹಿಡಿದರೆ ಬಿಡುವುದಿಲ್ಲ, ಒಡೆದರೆ ಇಟ್ಟಿಗೆಯೂ ಪುಡಿಯಾಗುತ್ತದೆ. ಆದ್ದರಿಂದ ಸುಣ್ಣ ಮತ್ತು ಮರಳಿನ ಗಾರೆ. ಗೋಡೆ ನಿಲ್ಲುವಷ್ಟು ಅಂಟು, ಬೇಕೆಂದಾಗ ಬಿಡುವಷ್ಟು ಸಡಿಲ. ಬೆಳಗಾಗುವ ಮೊದಲೇ ಬಂದು ನಿನ್ನೆಯ ಗೋಡೆ ಒಡೆಯುವುದು, ಹಳೇ ಗಾರೆಯನ್ನು ಜರಡಿ ಹಿಡಿದು, ಹೊಸ ಸುಣ್ಣ ಬೆರೆಸಿ, ನೀರು ಹಾಕಿ ಕಲಸಿಡುವುದು, ಇಷ್ಟೂ ಸುಣ್ಣದಕ್ಕನ ಕೆಲಸ. ದಿನಕ್ಕೆ ಏಳೆಂಟು ಗೋಡೆ. ಪರೀಕ್ಷೆಯ ಕಾಲದಲ್ಲಿ ಇನ್ನೂ ಹೆಚ್ಚು. ಮಗಳು ಕೂಸಾಗಿದ್ದಾಗ ಸೇರಿದವರು, ಇವತ್ತಿಗೂ ದಿನಗೂಲಿ.

ಆ ಸುಣ್ಣ ಅವರ ಬೆರಳ ತುದಿಗಳನ್ನು ತಿಂದು ಹಾಕಿದೆ. ಮುಟ್ಟಿ ನೋಡಿದರೆ ನುಣ್ಣಗಿವೆ, ರೇಖೆಯೇ ಇಲ್ಲ. ಗೇಟಿನಲ್ಲಿ ಬೆರಳೊತ್ತುವ ಹಾಜರಿ ಯಂತ್ರ ಬಂದ ದಿನ ಎಲ್ಲರಿಗೂ ಹಸಿರು ದೀಪ ಹತ್ತಿತು, ಇವರಿಗೆ ಕೆಂಪು. ಎಡಗೈ, ಬಲಗೈ, ಹೆಬ್ಬೆರಳು, ಕಿರುಬೆರಳು, ಯಾವುದಕ್ಕೂ ಯಂತ್ರ ಕ್ಯಾರೇ ಎನ್ನಲಿಲ್ಲ. ಶಾಲೆಗಾಗಿ ಬೆರಳು ಸವೆಸಿದವರನ್ನು ಶಾಲೆಯ ಯಂತ್ರವೇ ಗುರುತಿಸುವುದಿಲ್ಲ. ಹುಡುಗರಿಗೆ ಕೈಗವಸು ಕೊಡುತ್ತಾರೆ, ಕೊಡಬೇಕಾದದ್ದೇ. ಸುಣ್ಣದಕ್ಕನಿಗೆ ಕೊಡುವುದಿಲ್ಲ. ಕೇಳಿದರೆ ಆಫೀಸಿನ ಉತ್ತರ ಸಿದ್ಧವಾಗಿದೆ: ಕೈಗವಸು ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ, ಅವರು ಎರಡೂ ಅಲ್ಲ.

ಮನೆಯ ವಿಷಯ ತೆಗೆದರೆ ಅವರ ಮುಖ ಅರಳುತ್ತದೆ. ಗಂಡ ಗಾರೆ ಕೆಲಸದವರು, ದೂರದ ಕಟ್ಟಡಗಳಲ್ಲಿ ಕೆಲಸ, ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. "ಅವ್ರು ಕಟ್ಟೋದು, ನಾನು ಒಡೆಯೋದು. ಮನೇಲೂ ಹಾಗೇ. ಅವ್ರು ಬಂದು ಏನೋ ಒಂದು ಯೋಜನೆ ಕಟ್ತಾರೆ, ನಾನು ಒಂದೇ ಮಾತಲ್ಲಿ ಬೀಳಿಸ್ತೀನಿ," ಎಂದು ನಗುತ್ತಾರೆ. ಇರುವವಳು ಒಬ್ಬಳೇ ಮಗಳು. ಚಿಕ್ಕವಳಿದ್ದಾಗಿಂದ ಕುಳ್ಳಿ ಎಂದು ಕರೆದು ಅಭ್ಯಾಸ. ಈಗ ಅವಳು ತಾಯಿಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾಳೆ, ಆದರೂ ಕುಳ್ಳಿಯೇ.

ಕುಳ್ಳಿ ಬೆಳೆದದ್ದು ಈ ಶೆಡ್ಡಿನಲ್ಲೇ. ತನ್ನ ಶಾಲೆ ಬಿಟ್ಟ ಮೇಲೆ ಬಂದು ಇಟ್ಟಿಗೆ ಸಾಲಿನ ಮೇಲೆ ಕೂತು ಓದುತ್ತಿದ್ದಳು. ಹುಡುಗರೆಲ್ಲ ಹೋದ ಮೇಲೆ ಕರಣೆ ಹಿಡಿಯುತ್ತಿದ್ದಳು. ಗಾರೆ ಮೇಷ್ಟ್ರು ಅದನ್ನು ತಡೆಯಲಿಲ್ಲ. ನೀವೇ ಕಲಿಸಿದ್ರಂತೆ ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ನಾನೇನೂ ಕಲಿಸಿಲ್ಲ. ತಪ್ಪು ಮಾಡಿದಾಗ ಬೈದೆ, ಅಷ್ಟೇ. ಬೈಸ್ಕೊಂಡು ಬೈಸ್ಕೊಂಡು ಕಲಿತ್ಲು. ಈಗ ಬೈಯೋಕೆ ಏನೂ ಸಿಗಲ್ಲ, ಬೇಜಾರಾಗುತ್ತೆ."

ಇಂಥ ಹುಡುಗಿ ಹೋದ ವರ್ಷ ಗಾರೆ ವಿಭಾಗಕ್ಕೆ ಅರ್ಜಿ ಹಾಕಿದಳು. ಅಂಕ ಚೆನ್ನಾಗಿತ್ತು, ಪ್ರವೇಶ ಪರೀಕ್ಷೆಯಲ್ಲಿ ಕಟ್ಟಿದ ಗೋಡೆಗೆ ಮಟ್ಟ ನೋಡಲು ರಸಮಟ್ಟ ಇಟ್ಟರೆ ಅದರೊಳಗಿನ ಗುಳ್ಳೆ ಮಧ್ಯದಿಂದ ಕದಲಲಿಲ್ಲ. ಸೀಟು ಸಿಗಲಿಲ್ಲ. ಕಾರಣ ಏನು ಗೊತ್ತೇ? ವರ್ಕ್‌ಶಾಪ್ ಕಡೆ ಹುಡುಗಿಯರಿಗೆ ಶೌಚಾಲಯ ಇಲ್ಲ. ಹುಡುಗಿಯರನ್ನು ಸೇರಿಸಬಾರದು ಎಂದು ಯಾವ ನಿಯಮವೂ ಹೇಳುವುದಿಲ್ಲವಂತೆ, ಶಾಲೆಗೆ ಅಂಥ ಸಣ್ಣ ಮನಸ್ಸಿಲ್ಲವಂತೆ, ಆದರೆ ಸೌಲಭ್ಯ ಇಲ್ಲವಲ್ಲ, ಏನು ಮಾಡುವುದು? ರಸ್ತೆಯಾಚೆ ಸಿಸ್ಟರುಗಳು ನಡೆಸುವ ಹೊಲಿಗೆ ಶಾಲೆ ಇದೆ, ಅಲ್ಲಿ ಸೇರಲಿ ಎಂದು ಸಲಹೆಯನ್ನೂ ಕೊಟ್ಟರು.

ಹೊಲಿಗೆ ಒಳ್ಳೆಯ ಕೆಲಸವೇ. ಕುಳ್ಳಿಗೆ ಬೇಕಿದ್ದದ್ದು ಅದಲ್ಲ, ಅಷ್ಟೆ. "ಸೂಜಿಗೆ ದಾರ ಪೋಣಿಸೋ ಹೊತ್ತಿಗೆ ನಾನು ಎರಡು ವರಸೆ ಮುಗಿಸ್ತೀನಿ," ಎನ್ನುತ್ತಾಳೆ ಅವಳು.

ಈಗ ಈ ಶಾಲೆಯ ಒಳಗೊಂದು ಸುತ್ತು ಹಾಕಿ ಬನ್ನಿ. ಗಾರೆ ವಿಭಾಗದಲ್ಲಿ ದಿನಾ ಗೋಡೆಗಳು ಏಳುತ್ತವೆ. ಬಡಗಿ ವಿಭಾಗದಲ್ಲಿ ಎಲ್ಲಿಗೂ ತೆರೆಯದ ಬಾಗಿಲುಗಳು ಸಾಲಾಗಿ ಒರಗಿ ನಿಂತಿವೆ, ಚಿಲಕದ ಸಮೇತ. ವಿದ್ಯುತ್ ವಿಭಾಗದ ಹಲಗೆಯ ಮೇಲೆ ದೀಪ ಹತ್ತುತ್ತದೆ, ಆರುತ್ತದೆ. ಕೊಳಾಯಿ ವಿಭಾಗದಲ್ಲಿ ನೀರಿನ ಮುಖವನ್ನೇ ಕಾಣದ ಪೈಪುಗಳನ್ನು ಜೋಡಿಸಿ ಬಿಚ್ಚುತ್ತಾರೆ, ಬಿಚ್ಚಿ ಜೋಡಿಸುತ್ತಾರೆ. ಅಲ್ಲೊಂದು ಬಿಳಿ ಕಮೋಡು ಕೂಡ ಇದೆ, ಮರದ ಕಟ್ಟೆಯ ಮೇಲೆ. ಅದನ್ನು ಅಲುಗದಂತೆ ಕೂರಿಸುವುದು ಹೇಗೆ ಎಂದು ವರ್ಷವರ್ಷವೂ ಹುಡುಗರಿಗೆ ಕಲಿಸುತ್ತಾರೆ. ಅಂಗಳದಲ್ಲಿ ಮರಿಯ ಮಾತೆಗೆ ಕಲ್ಲಿನ ಗವಿ ಇದೆ, ಇದೇ ಹುಡುಗರು ಒಂದೇ ಬೇಸಿಗೆಯಲ್ಲಿ ಕಟ್ಟಿದ್ದು, ನೋಡಲು ಚೆಂದವಾಗಿದೆ. ಇಷ್ಟೆಲ್ಲ ಇಟ್ಟುಕೊಂಡ ಶಾಲೆ, ಕಟ್ಟುವುದನ್ನೇ ಕಲಿಸುವ ಶಾಲೆ, ಒಬ್ಬ ಹುಡುಗಿಯ ಮುಂದೆ ನಿಂತು ನಮ್ಮಲ್ಲಿ ಶೌಚಾಲಯ ಇಲ್ಲಮ್ಮ ಎನ್ನುತ್ತದೆ. ಹೇಳುವವರಿಗೆ ನಗು ಹೇಗೆ ಬರಲಿಲ್ಲವೋ, ನಾಚಿಕೆಯಂತೂ ಬರಲಿಲ್ಲ.

ಇನ್ನೊಂದು ಪ್ರಶ್ನೆ ಯಾರ ತಲೆಗೂ ಹೊಳೆದಿಲ್ಲ. ವರ್ಕ್‌ಶಾಪ್ ಕಡೆ ಹೆಂಗಸರಿಗೆ ಜಾಗವೇ ಇಲ್ಲ ಎಂದಾದರೆ, ಇಷ್ಟು ವರ್ಷ ಸುಣ್ಣದಕ್ಕ ಎಲ್ಲಿಗೆ ಹೋಗುತ್ತಿದ್ದರು?

ಕೇಳಿದರೆ ಇಟ್ಟಿಗೆ ಕೆರೆಯುತ್ತಾರೆ. ಆಮೇಲೆ, "ನಾನು ಮಧ್ಯಾಹ್ನದ ತನಕ ನೀರು ಕುಡಿಯಲ್ಲ. ಮನೆಗೆ ಹೋದ ಮೇಲೆ ಕುಡೀತೀನಿ," ಎನ್ನುತ್ತಾರೆ. "ತೀರಾ ತಡೆಯೋಕಾಗದೇ ಇದ್ರೆ ಆಚೆ ಬೀದಿಯ ಪೆಟ್ರೋಲ್ ಬಂಕಿಗೆ ಓಡ್ತೀನಿ. ಅಲ್ಲಿಯವರು ಒಳ್ಳೆಯವರು. ಡಾಕ್ಟ್ರು ಹೊಟ್ಟೇಲಿ ಕಲ್ಲು ಕಟ್ಟಿದೆ ಅಂದ್ರು. ನಾನಂದೆ, ಹೊರಗಡೆ ಇಟ್ಟಿಗೆ ಸಾಲದು ಅಂತ ಒಳಗಡೆ ಕಲ್ಲೂ ಶುರುವಾಯ್ತಾ ಅಂತ." ಅವರು ನಗುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ. ಸುಣ್ಣದ ಧೂಳಿನ ನಡುವೆ ಒಬ್ಬ ಹೆಂಗಸು ಗಂಟಲು ಒಣಗಿಸಿಕೊಂಡು ದುಡಿಯುತ್ತಿದ್ದರೂ ಆ ಶಾಲೆಯಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ.

ಮಗಳನ್ನು ವಾಪಸು ಕಳಿಸಿದ ದಿನ ಸುಣ್ಣದಕ್ಕ ಜಗಳವಾಡಲಿಲ್ಲ. ಆದರೆ ಮುಂದಿನ ವರ್ಷ ದಾಟಿದರೆ ಕುಳ್ಳಿಗೆ ವಯಸ್ಸು ಮೀರುತ್ತದೆ, ಮತ್ತೆ ಅರ್ಜಿ ಹಾಕುವಂತಿಲ್ಲ ಎಂದು ಆಫೀಸಿನ ಸಿಸ್ಟರ್ ಹೇಳಿದ್ದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಹಿರಿಯ ತರಗತಿಯ ಕೊನೆಯ ಪರೀಕ್ಷೆಗೆ ಇಲ್ಲೊಂದು ರೂಢಿಯಿದೆ. ನಾಲ್ಕು ತಂಡ, ತಂಡಕ್ಕೊಂದು ಮೂಲೆ. ಪ್ರತಿ ತಂಡ ಆಳೆತ್ತರದ ಎರಡು ಗೋಡೆ ಸೇರುವ ಒಂದು ಮೂಲೆಯನ್ನು ಕಟ್ಟಬೇಕು, ಒಂದು ತಂಡ ಬಾಗಿಲಿನ ಜಾಗ ಬಿಟ್ಟು ಕಟ್ಟಬೇಕು. ಪರೀಕ್ಷಕರು ಸುತ್ತ ಓಡಾಡಿ, ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡು ಹಿಡಿದು ನೋಡಲು ಅನುಕೂಲವಾಗಲಿ ಎಂದು ನಾಲ್ಕು ಮೂಲೆಗಳನ್ನೂ ಒಂದಕ್ಕೊಂದು ಕೂಡಿಸಿ ಅಂಗಳದಲ್ಲಿ ಕಟ್ಟಿಸುತ್ತಾರೆ, ಹುಡುಗರ ಶೌಚಾಲಯದ ಹಿಂದಿನ ಖಾಲಿ ಜಾಗದಲ್ಲಿ. ಅಂದರೆ ಪ್ರತಿ ವರ್ಷ ಅಲ್ಲೊಂದು ಪುಟ್ಟ ಕೋಣೆ ಏಳುತ್ತದೆ. ಫಲಿತಾಂಶಕ್ಕೆ ಸಹಿ ಬೀಳುವವರೆಗೆ ಒಂದು ವಾರ ನಿಂತಿರುತ್ತದೆ. ಆಮೇಲೆ ಸುಣ್ಣದಕ್ಕ ಬಂದು ಒಡೆಯುತ್ತಾರೆ. ಎಷ್ಟು ವರ್ಷದಿಂದ ಎಷ್ಟು ಕೋಣೆ ಒಡೆದಿದ್ದಾರೋ ಅವರಿಗೇ ಲೆಕ್ಕವಿಲ್ಲ.

ಈ ವರ್ಷ ಪರೀಕ್ಷೆಯ ಹೊತ್ತಿಗೆ ಶಾಲೆಯ ಪ್ರಾರ್ಥನಾಲಯವಾದ ಚಾಪೆಲ್ಲಿನ ನೆಲದ ರಿಪೇರಿ ಮುಗಿದು, ಉಳಿದ ಸಿಮೆಂಟು ಚೀಲಗಳನ್ನು ಸುಣ್ಣದ ಚೀಲಗಳ ಪಕ್ಕದಲ್ಲೇ ಒಟ್ಟಿದ್ದರು. ಪರೀಕ್ಷೆಯ ಬೆಳಿಗ್ಗೆ ಸುಣ್ಣದಕ್ಕ ಎಂದಿನಂತೆ ಗಾರೆ ಕಲಸಿದರು. ಸುಣ್ಣದ ಚೀಲ ಬಿಚ್ಚಲಿಲ್ಲ, ಪಕ್ಕದ್ದನ್ನು ಬಿಚ್ಚಿದರು. ಗಾರೆ ಯಾಕಕ್ಕ ಬೂದಿ ಬಣ್ಣ ಇದೆ ಎಂದು ಹುಡುಗರು ಕೇಳಿದಾಗ, ಈ ಸಲ ಮರಳು ಬೇರೆ ಎಂದರು. ಹುಡುಗರು ಕಟ್ಟಿದರು, ಪರೀಕ್ಷಕರು ಅಳೆದರು, ಎಲ್ಲರೂ ಪಾಸಾದರು. ಆ ವಾರ ಪೂರ್ತಿ ದಿನಾ ಬೆಳಿಗ್ಗೆ ಸುಣ್ಣದಕ್ಕ ಆ ಗೋಡೆಗಳಿಗೆ ಕೊಡದಲ್ಲಿ ನೀರು ಹೊಯ್ದರು. ಸಿಮೆಂಟಿನ ಗೋಡೆ ಗಟ್ಟಿಯಾಗಬೇಕಾದರೆ ನೀರುಣಿಸಬೇಕು, ಒಡೆಯುವ ಗೋಡೆಗೆ ಯಾರೂ ಉಣಿಸುವುದಿಲ್ಲ. ಗಾರೆ ಮೇಷ್ಟ್ರು ಒಮ್ಮೆ ಬೇಗ ಬಂದವರು ಅದನ್ನು ಕಂಡರು. ಕಂಡು ಸುಮ್ಮನೆ ಶೆಡ್ಡಿನ ಕಡೆ ನಡೆದರು. ಈಗ ಕೇಳಿದರೆ, "ಬೆಳಿಗ್ಗೆ ಹೊತ್ತು ನನಗೆ ಕಣ್ಣು ಸರಿಯಾಗಿ ಕಾಣಲ್ಲ," ಎನ್ನುತ್ತಾರೆ.

ಒಡೆಯುವ ದಿನ ಬಂತು. ಅಂಗಳದ ಕೋಣೆ ಮಧ್ಯಾಹ್ನವಾದರೂ ಹಾಗೇ ನಿಂತಿದ್ದನ್ನು ಕಂಡು ಆಫೀಸಿನಿಂದ ಆಳು ಬಂದ, ಅವನು ಸುತ್ತಿಗೆಯಿಂದ ತಟ್ಟಿದಾಗ ಗೋಡೆ ಕಲ್ಲಿನ ಹಾಗೆ ಸದ್ದು ಮಾಡಿತು. ಪ್ರಿನ್ಸಿಪಾಲ್ ಫಾದರ್ ಬಂದರು. ಕೆಟ್ಟವರಲ್ಲ ಅವರು. ಸುಣ್ಣದಕ್ಕನ ಜ್ವರಕ್ಕೆ ಒಮ್ಮೆ ತಾವೇ ಔಷಧಿ ತಂದುಕೊಟ್ಟವರು.

"ಏನಮ್ಮ ಇದು? ಚೀಲ ಅದಲುಬದಲಾಯ್ತಾ?" ಎಂದು ಕೇಳಿದರು. ಆ ಪ್ರಶ್ನೆಯಲ್ಲೇ ತಪ್ಪಿಸಿಕೊಳ್ಳುವ ದಾರಿಯಿತ್ತು. ಹೌದು ಎಂದಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು.

"ಇಲ್ಲ ಫಾದರ್. ನೋಡೇ ಹಾಕಿದೆ," ಎಂದರು ಸುಣ್ಣದಕ್ಕ.

"ಅದು ಚಾಪೆಲ್ಲಿಗೆ ತಂದ ಸಿಮೆಂಟು."

"ನೆಲ ಮುಗಿದ ಮೇಲೆ ಉಳಿದಿದ್ದು, ಫಾದರ್. ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಚೀಲದಲ್ಲೇ ಕಲ್ಲಾಗ್ತಿತ್ತು."

"ಹಾಗಂತ ಹೇಳದೆ ಕೇಳದೆ ತಗೋಬಹುದಾ? ಅದು ಪಾಪ ಅಲ್ವೇನಮ್ಮ?"

ಸುಣ್ಣದಕ್ಕ ಕೈಯ ಧೂಳು ಒರೆಸಿಕೊಂಡರು. "ಹುಡುಗರಿಗೆ ಮರಳು ಬೇರೆ ಅಂತ ಸುಳ್ಳು ಹೇಳಿದೆ. ಅದನ್ನ ಭಾನುವಾರ ಪಾಪನಿವೇದನೆಯಲ್ಲಿ ಹೇಳ್ಕೊಂಡಿದ್ದೀನಿ. ಗೋಡೆ ವಿಷಯ ಹೇಳಿಲ್ಲ. ಅದು ಪಾಪ ಅಂತ ನನಗೆ ಅನಿಸಲೇ ಇಲ್ಲ, ಫಾದರ್. ಕೋಣೆ ಇಲ್ಲ ಅಂದ್ರಿ, ಕೋಣೆ ಆಗಿದೆ. ಪಕ್ಕದಲ್ಲೇ ಮೋರಿ ಪೈಪ್ ಹೋಗುತ್ತೆ. ಮೇಲೊಂದು ತಗಡು, ಮುಂದೊಂದು ಬಾಗಿಲು ಹಾಕ್ಸಿ. ನನ್ನ ಮಗಳಿಗೆ ಸೀಟು ಕೊಡಿ."

ಫಾದರ್ ಗಾರೆ ಮೇಷ್ಟ್ರನ್ನು ಕರೆಸಿದರು. ಒಡೆಸಿಬಿಡಬಹುದೇ ಎಂದು ಕೇಳಿದರು. ಒಡೆಸಬಹುದು, ಆದರೆ ಒಂದು ಇಟ್ಟಿಗೆಯೂ ಇಡಿಯಾಗಿ ಸಿಗುವುದಿಲ್ಲ, ಕಸಕ್ಕೇ ಹಾಕಬೇಕು ಎಂದು ಮೇಷ್ಟ್ರು ಹೇಳಿದರು. ಆಡಳಿತ ಸಮಿತಿಯ ಮುಂದೆ ಇಡುತ್ತೇನೆ ಎಂದು ಹೇಳಿ ಫಾದರ್ ಒಳಗೆ ಹೋದರು.

ಇದಾಗಿ ವಾರಗಳೇ ಕಳೆದಿವೆ. ಕೋಣೆ ನಿಂತಲ್ಲೇ ನಿಂತಿದೆ, ತಲೆಯ ಮೇಲೆ ತಗಡಿಲ್ಲ, ಮುಂದೆ ಬಾಗಿಲಿಲ್ಲ. ಬಡಗಿ ವಿಭಾಗದ ಬಾಗಿಲುಗಳು ನೂರು ಹೆಜ್ಜೆಯಾಚೆ ಧೂಳು ತಿನ್ನುತ್ತಿವೆ. ಒಂದನ್ನು ತಂದು ನಿಲ್ಲಿಸಲು ಮೇಲಿನಿಂದ ಆದೇಶ ಬೇಕಂತೆ. ಕೊಳಾಯಿ ಮೇಷ್ಟ್ರು ಒಂದು ದಿನದ ಕೆಲಸ ಎನ್ನುತ್ತಾರೆ, ಆದರೆ ಅವರಿಗೂ ಬರಹದಲ್ಲಿ ಬೇಕು. ಆಫೀಸಿಗೆ ಫೋನು ಮಾಡಿ ವಿಚಾರಿಸಿದರೆ ಆ ಕಟ್ಟಡಕ್ಕೆ ಅನುಮತಿ ಇಲ್ಲ ಎಂಬ ಉತ್ತರ ಬಂತು. ಹುಡುಗಿ ಈ ವರ್ಷ ಮತ್ತೆ ಹಾಕಿದ ಅರ್ಜಿ ಏನಾಯಿತು ಎಂದು ಕೇಳಿದರೆ ಪರಿಶೀಲನೆಯಲ್ಲಿದೆ. ಶೌಚಾಲಯ ಇಲ್ಲದ್ದರಿಂದ ಸೀಟಿಲ್ಲ, ಅನುಮತಿ ಇಲ್ಲದ್ದರಿಂದ ಶೌಚಾಲಯವಿಲ್ಲ, ಅನುಮತಿ ಕೊಡಬೇಕಾದವರು ಸೀಟು ಕೊಡಬೇಕಾದವರೇ! ಇಷ್ಟು ದಿನ ಮೀನಮೇಷ ಎಣಿಸಿದ ಸಮಿತಿ ಕೊನೆಗೂ ಸೇರುತ್ತಿದೆ, ಈ ಪುರವಣಿ ನಿಮ್ಮ ಕೈ ಸೇರುವ ದಿನವೇ. ಪ್ರವೇಶಕ್ಕೆ ಕೊನೆಯ ದಿನವೂ ಅದೇ.

ಸಮಿತಿಯವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಸಭೆಗೆ ಹೋಗುವ ಮೊದಲು ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯದೆ ಮಧ್ಯಾಹ್ನದವರೆಗೆ ಸುಣ್ಣದ ಧೂಳಿನಲ್ಲಿ ಕೂತು ನೋಡಲಿ. ಆಮೇಲೆ ಸೌಲಭ್ಯದ ಬಗ್ಗೆ ಮಾತಾಡಲಿ.

ಕುಳ್ಳಿಗೆ ಸಮಿತಿಗಿಂತ ಆ ಕೋಣೆಯದೇ ಚಿಂತೆ. ಮೊನ್ನೆ ಬಂದು ನಾಲ್ಕು ಮೂಲೆಗೂ ತೂಕದ ಗುಂಡು ಹಿಡಿದು ನೋಡಿದಳಂತೆ. "ಬಾಗಿಲ ಪಕ್ಕದ ಮೂಲೆ ಸೊಟ್ಟ ಇದೆ," ಎಂದು ಮೂಗು ಮುರಿಯುತ್ತಾಳೆ. "ಅಮ್ಮ ಸಿಮೆಂಟು ಹಾಕೋದಾದ್ರೆ ಮೊದಲೇ ನನಗೊಂದು ಮಾತು ಹೇಳಬಾರ್ದಾ? ನಾನೇ ಕಟ್ತಿದ್ದೆ."

ಶೆಡ್ಡಿನಲ್ಲಿ ಈಗ ಬೆಳಕಾಗಿದೆ. ಬಲ್ಬು ಆರಿಸಿ ಬಂದ ಸುಣ್ಣದಕ್ಕ ಕೊನೆಯ ಗೋಡೆಯ ಮುಂದೆ ಕುಳಿತಿದ್ದಾರೆ. ಕೆಲಸದಿಂದ ತೆಗೆದರೆ ಏನು ಮಾಡುತ್ತೀರಿ ಎಂದರೆ, ಒಡೆಯುವ ಕೆಲಸಕ್ಕೆ ಈ ಊರಲ್ಲಿ ಬರವೇ ಎಂದು ಮರುಪ್ರಶ್ನೆ ಹಾಕುತ್ತಾರೆ. ಕೈಗವಸಿನ ಬಗ್ಗೆ, ದಿನಗೂಲಿಯ ಬಗ್ಗೆ ಕೇಳಿದರೂ ಉಳಿಯನ್ನು ಸಂದಿಗೆ ತೂರಿಸುತ್ತಲೇ ಇರುತ್ತಾರೆ. ಹಾಗಾದರೆ ನಿಮಗೆ ಬೇಕಾದದ್ದು ಏನು ಎಂದಾಗ ಮಾತ್ರ ಉಳಿ ಕೆಳಗಿಡುತ್ತಾರೆ.

"ಕುಳ್ಳಿ ಇಲ್ಲಿ ಹುಡುಗರ ಸಾಲಲ್ಲಿ ನಿಂತು ಒಂದು ಗೋಡೆ ಕಟ್ಟಬೇಕು. ಮೇಷ್ಟ್ರು ಅದಕ್ಕೆ ಎಲ್ಲರ ಮುಂದೆ ಅಂಕ ಹಾಕಬೇಕು," ಎನ್ನುತ್ತಾರೆ. "ಮಾರನೇ ದಿನ ಬೆಳಿಗ್ಗೆ ಬಂದು ನಾನದನ್ನ ಒಡೀಬೇಕು. ಇಷ್ಟು ವರ್ಷ ಊರವರ ಮಕ್ಕಳು ಕಟ್ಟಿದ್ದನ್ನೆಲ್ಲ ಒಡೆದಿದ್ದೀನಲ್ಲ, ನನ್ನ ಮಗಳದ್ದೂ ಒಂದು ಇರಲಿ."